ಮೂವತ್ತೆಂಟು ಸಾವಿರ ಚಿಲ್ಲರೆ

ಸಂಬಳ ಎಷ್ಟು ಎಂದು ಕೇಳಿ ನೋಡಿ, ಪೂರ್ತಿ ಲೆಕ್ಕ ಯಾರೂ ಹೇಳುವುದಿಲ್ಲ. ‘ಮೂವತ್ತೆಂಟು ಸಾವಿರ ಚಿಲ್ಲರೆ’ ಅನ್ನುತ್ತಾರೆ. ಆ ಚಿಲ್ಲರೆ ಇಪ್ಪತ್ತು ರೂಪಾಯಿಯೂ ಇರಬಹುದು, ಒಂಬೈನೂರೂ ಇರಬಹುದು. ಕೇಳಿದವರೂ ಕೆದಕಲು ಹೋಗುವುದಿಲ್ಲ. ಊರು ಎಷ್ಟು ದೂರ? ಅರವತ್ತು ಚಿಲ್ಲರೆ ಕಿಲೋಮೀಟರು. ಮದುವೆಯಾಗಿ ಎಷ್ಟು ವರ್ಷ? ಇಪ್ಪತ್ತು ಚಿಲ್ಲರೆ. ಎಣಿಕೆ ಇಲ್ಲಿಗೆ ಸಾಕು, ಮುಂದಿನದು ಲೆಕ್ಕಕ್ಕಿಲ್ಲ ಎಂದು ಗೆರೆ ಎಳೆಯುವ ಪದ ಇದು. ಬರುವ ದುಡ್ಡಿನ ವಿಷಯದಲ್ಲಿ ಹಾಗೆ ಗೆರೆ ಎಳೆದರೆ ಯಾರಿಗೂ ನಷ್ಟವಿಲ್ಲ. ಹೋಗುವ ದುಡ್ಡಿಗೂ ಅದೇ ಪದ ಬಳಸುತ್ತೇವಲ್ಲ, ತಾಪತ್ರಯ ಶುರುವಾಗುವುದು ಅಲ್ಲಿ.

“ರೀ, ಸೋಮವಾರ ತಗೊಂಡು ಹೋದ ಐನೂರು ಏನಾಯ್ತು?”

“ಏನಿಲ್ಲ ಕಣೇ, ಚಿಲ್ಲರೆ ಖರ್ಚು.”

ಕೇಳುವುದಕ್ಕೆ ಉತ್ತರದ ಹಾಗಿದೆ, ಒಳಗೆ ಏನೂ ಇಲ್ಲ. ಆದರೂ ಮಾತು ಅಲ್ಲಿಗೆ ಮುಗಿಯುತ್ತದೆ. ಸರ್ಕಾರಿ ಕಚೇರಿಗಳಲ್ಲಿ ಇಂಥ ಸಣ್ಣಪುಟ್ಟ ವೆಚ್ಚಕ್ಕೆ ‘ಸಾದಿಲ್ವಾರು’ ಎಂಬ ಗತ್ತಿನ ಹೆಸರಿದೆ. ಗುಂಡುಸೂಜಿ ಕೊಂಡರೂ ಓಚರು ಇಡಬೇಕು. ಮನೆಯ ಸಾದಿಲ್ವಾರಿಗೆ ಓಚರಿಲ್ಲ. ತಿಂಗಳ ದಿನಸಿಗೆ ಚೀಟಿ ಬರೆಯುವ ಮನೆಗಳಲ್ಲೂ, ಹಾಲು ಬಾರದ ದಿನ ಕ್ಯಾಲೆಂಡರಿನ ಮೇಲೆ ಗುರುತು ಹಾಕುವ ಮನೆಗಳಲ್ಲೂ ಬರೆಯದೆ ಬಿಟ್ಟ ಒಂದು ಪಾಲು ಇದ್ದೇ ಇರುತ್ತದೆ.

ಪದದ ಕುಲಗೋತ್ರ ಕೇಳಿದರೆ, ಅಕ್ಕಪಕ್ಕದ ಭಾಷೆಗಳಲ್ಲೆಲ್ಲ ಇದರ ನೆಂಟರಿದ್ದಾರೆ. ತೆಲುಗಿನಲ್ಲಿ ಚಿಲ್ಲರ, ಮಲಯಾಳದಲ್ಲೂ ಚಿಲ್ಲರ, ತಮಿಳಿನಲ್ಲಿ ಸಿಲ್ಲರೈ. ಮರಾಠಿಯವರೂ ಚಿಲ್ಲರ್ ಅನ್ನುತ್ತಾರೆ. ನನಗೆ ಸೋಜಿಗ ಅನಿಸುವುದು ಬೇರೆ. ನಾವು ಸಂಪತ್ತಿಗೆ ಇಟ್ಟ ಹೆಸರುಗಳಲ್ಲಿ ಕೆಲವು ಒಂದು ಕಾಲದಲ್ಲಿ ಚಿಲ್ಲರೆಯೇ ಆಗಿದ್ದವು. ‘ಹಣ’ ಎಂಬುದು ಒಂದು ಪುಟ್ಟ ಚಿನ್ನದ ನಾಣ್ಯ. 17ನೇ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಟಂಕಿಸಿದ ಹಣ ಅರ್ಧ ಗ್ರಾಮಿಗಿಂತ ಹಗುರ, ಬೆರಳ ತುದಿಗೆ ಅಂಟಿಕೊಳ್ಳುವಷ್ಟು ಸಣ್ಣದು. ‘ದುಡ್ಡು’ ತಾಮ್ರದ ನಾಣ್ಯ. ‘ಕಾಸು’ ಕೂಡ ಕಿರುನಾಣ್ಯವೇ. ಮೂರಕ್ಕೂ ಬಡ್ತಿ ಸಿಕ್ಕಿತು. ಈಗ ಸಾವಿರ ಕೋಟಿಯೂ ಹಣ, ಸಾವಿರ ಕೋಟಿಯವನೂ ದುಡ್ಡಿದ್ದವನು. ಚಿಲ್ಲರೆ ಮಾತ್ರ ಇದ್ದಲ್ಲೇ ಉಳಿಯಿತು.

ಉಳಿದದ್ದಷ್ಟೇ ಅಲ್ಲ, ಬೈಗುಳದ ಕೆಲಸಕ್ಕೂ ನಿಂತಿತು. ಚಿಲ್ಲರೆ ಬುದ್ಧಿ, ಚಿಲ್ಲರೆ ಜಗಳ, ಚಿಲ್ಲರೆ ರಾಜಕೀಯ. ಅಂಗಡಿಯಲ್ಲಿ ಬಿಟ್ಟುಹೋದ ಎರಡು ರೂಪಾಯಿ ಬಾಕಿಯನ್ನು ಮರುದಿನ ಕೇಳಿ ಪಡೆದವನದು ಚಿಲ್ಲರೆ ಬುದ್ಧಿ. ಕೇಳದೆ ಬಂದವನದು ದೊಡ್ಡ ಮನಸ್ಸು. ನಮ್ಮ ಮಾತಿನಲ್ಲಿ ಚಿಲ್ಲರೆ ಖರ್ಚು ಮಾಡುವುದು ಸಣ್ಣತನವಲ್ಲ, ಅದನ್ನು ಎಣಿಸುವುದು ಸಣ್ಣತನ. ಮನೆಗಳಲ್ಲಿ ಈ ಎಣಿಸುವ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೆ ಬಂದಿರುವುದರಿಂದ ನಗೆಹನಿಗಳೂ ಅವರ ಪಾಲಿಗೇ ಬಂದಿವೆ: ತಳ್ಳುಗಾಡಿಯ ಮುಂದೆ ನಿಂತು ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುವ ಗೃಹಿಣಿ. ಶೋರೂಮಿನಲ್ಲಿ ಬೈಕಿನ ಬೆಲೆಯ ಮೇಲೆ ಆ್ಯಕ್ಸೆಸರಿ ಎಂದು ನಾಲ್ಕೈದು ಸಾವಿರ ಸೇರಿಸಿದರೂ ತುಟಿ ಬಿಚ್ಚದೆ ಸಹಿ ಹಾಕುವ ಗಂಡನ ಮೇಲೆ ನಗೆಹನಿ ಬರೆದವರು ಕಡಿಮೆ.

ಹಿಂದೆ ಚಿಲ್ಲರೆಗೆ ಒಂದು ದೊಡ್ಡ ಗುಣವಿತ್ತು. ಅದು ಸಿಗುತ್ತಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಬಾಕಿಯನ್ನು ಟಿಕೆಟಿನ ಹಿಂದೆ ಬರೆದುಕೊಡುತ್ತಿದ್ದರು. ಇಳಿಯುವ ಆತುರದಲ್ಲಿ ಮರೆತವರೆಷ್ಟೋ, ನೆನಪಿಟ್ಟು ಬಾಗಿಲಲ್ಲಿ ನಿಂತು ಜಗಳವಾಡಿದವರೆಷ್ಟೋ. ಅಂಗಡಿಯವರು ಒಂದು ರೂಪಾಯಿಗೆ ಬದಲು ಚಾಕಲೇಟು ಅಂಗೈಗಿಡುತ್ತಿದ್ದರು. ಹಾಗಾಗಿ ನೂರರ ನೋಟು ‘ಮುರಿಸಲು’ ಜನ ಹಿಂದೆಮುಂದೆ ನೋಡುತ್ತಿದ್ದರು. ಮುರಿಸುವುದು ಎಂಬ ಆ ಕ್ರಿಯಾಪದವೇ ಸೊಗಸು: ಇಡಿಯಾಗಿದ್ದಾಗ ಗಟ್ಟಿ, ಮುರಿದ ಮೇಲೆ ನಿಲ್ಲುವುದಿಲ್ಲ. ನೋಟು ಮುರಿಸಲು ಮನಸ್ಸು ಬಾರದೆ ಟೀ ಬಿಟ್ಟು ಬಂದವರು ಅದನ್ನು ಉಳಿತಾಯ ಎಂದು ಕರೆಯಲಿಲ್ಲ, ಆದರೆ ಉಳಿದದ್ದು ನಿಜ.

1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. ಆಣೆ ಹೋದರೂ ನಾಲ್ಕಾಣೆ, ಎಂಟಾಣೆ ಬಾಯಲ್ಲಿ ಉಳಿದವು. 2011ರ ಜೂನ್ 30ರಿಂದ ನಾಲ್ಕಾಣೆಯ ಚಲಾವಣೆಯೂ ನಿಂತಿತು. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳು ರದ್ದಾದ ಮೇಲೆ ಎರಡು ಸಾವಿರದ ಗುಲಾಬಿ ನೋಟು ಕೈಯಲ್ಲಿದ್ದೂ ಸೊಪ್ಪು ಕೊಳ್ಳಲಾಗದೆ ಜನ ಅಲೆದರು. ಚಿಲ್ಲರೆಯೇ ನಿಜವಾದ ದುಡ್ಡಾಗಿದ್ದದ್ದು ಆ ಕೆಲವು ವಾರ ಮಾತ್ರ. ಅದೇ ವರ್ಷ ಬಂದಿದ್ದ ಯುಪಿಐ ಮೆಲ್ಲಗೆ ತಳ್ಳುಗಾಡಿಗಳ ತನಕ ಇಳಿಯಿತು. ಈಗ ಜೇಬಿನಲ್ಲಿ ಸದಾಕಾಲ ಸರಿಯಾದ ಚಿಲ್ಲರೆ ಇರುತ್ತದೆ. ಹದಿಮೂರು ರೂಪಾಯಿ ಬೇಕಾದರೆ ಹದಿಮೂರು, ಎಂಟೂವರೆ ಬೇಕಾದರೆ ಎಂಟೂವರೆ. ‘ಚಿಲ್ಲರೆ ಇಲ್ಲ’ ಎಂಬ ಮಾತು ಅಪರೂಪವಾಯಿತು. ಅದರ ಜೊತೆಗೆ ಒಂದು ತಡೆಯೂ ಹೋಯಿತು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಎಂದೂ ದಾಖಲೆಯಿಲ್ಲದ ಚಿಲ್ಲರೆಗೆ ಈಗ ದಾಖಲೆ ಬಂದಿದೆ. ಅಂಗಡಿಯ ಯುಪಿಐ ಪೆಟ್ಟಿಗೆ ‘ಹದಿನೈದು ರೂಪಾಯಿ’ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ. ಬ್ಯಾಂಕಿನಲ್ಲಿ ಪಾಸ್‌ಬುಕ್ ಹಾಕಿಸಿದರೆ 10, 15, 20 ರೂಪಾಯಿಗಳ ಸಾಲಿನ ನಡುವೆ ಸಂಬಳ ಬಂದ ಸಾಲನ್ನು ಹುಡುಕಬೇಕು. ಓಚರುಗಳ ಕಟ್ಟೇ ಕೈಯಲ್ಲಿದೆ, ಓದುವವರಿಲ್ಲ. ತೆರಿಗೆ ಇಲಾಖೆ ಮಾತ್ರ ಓದಿತು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಹೋದವು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರು ಬೆಚ್ಚಿದರು. ಬೆಂಗಳೂರಿನ ಎಷ್ಟೋ ಅಂಗಡಿಗಳ ಮೇಲೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಬಿತ್ತು. ನಾವು ಲೆಕ್ಕಕ್ಕಿಲ್ಲ ಎಂದು ಬಿಟ್ಟುಕೊಟ್ಟ ಹದಿನೈದು ರೂಪಾಯಿಗಳು ಗಲ್ಲಾದ ಆಚೆ ಬದಿಯಲ್ಲಿ ಸೇರಿ ಲಕ್ಷಗಳಾಗುತ್ತವೆ ಎಂಬುದು ಹೀಗೆ ಊರಿಗೆಲ್ಲ ಗೊತ್ತಾಯಿತು.

ಈಚೆ ಬದಿಯ ಲೆಕ್ಕವನ್ನೂ ಒಮ್ಮೆ ನೋಡೋಣ. ಕಚೇರಿಯ ಹತ್ತಿರ ದಿನಕ್ಕೆರಡು ಕಾಫಿ, ತಲಾ 15 ರೂಪಾಯಿ, 26 ದಿನ: 780. ಮಗುವಿಗೆ ದಿನಕ್ಕೊಂದು ಹತ್ತು ರೂಪಾಯಿಯ ಪೊಟ್ಟಣ: 300. ವಾರಕ್ಕೆರಡು ಸಂಜೆ ಮನೆಮಂದಿಗೆ 60 ರೂಪಾಯಿಯ ಬಜ್ಜಿ: 480. ಮಂಗಳವಾರ, ಶುಕ್ರವಾರ 30 ರೂಪಾಯಿಯ ಹೂವು: 240. ಇಷ್ಟಕ್ಕೇ 1,800 ಆಯಿತು. ಇದರಲ್ಲಿ ದುಂದು ಎನ್ನುವಂಥದ್ದು ಒಂದೂ ಇಲ್ಲ. ಕೇಂದ್ರ ಸರ್ಕಾರದ 2023-24ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯೂ ಇಂಥ ಸಣ್ಣ ಖರ್ಚು ಸೇರಿ ದೊಡ್ಡದಾಗುವುದನ್ನೇ ಹೇಳುತ್ತದೆ. ನಗರದಲ್ಲಿ ತಲಾ ತಿಂಗಳ ಖರ್ಚು ಸರಾಸರಿ 6,996 ರೂಪಾಯಿ. ಅದರಲ್ಲಿ ಸುಮಾರು ಶೇ 11 ಹೋಗುವುದು ಪಾನೀಯ, ತಿಂಡಿ ಮತ್ತು ಸಂಸ್ಕರಿಸಿದ ಆಹಾರಕ್ಕೆ. ಅಕ್ಕಿ, ಗೋಧಿ, ರಾಗಿ ಮುಂತಾದ ಧಾನ್ಯಗಳೆಲ್ಲ ಸೇರಿ ಶೇ 4ನ್ನೂ ಮುಟ್ಟುವುದಿಲ್ಲ. ಹಳ್ಳಿಗಳಲ್ಲೂ ಊಟದ ಬಾಬತ್ತಿನಲ್ಲಿ ಮೊದಲ ಸ್ಥಾನ ಈ ಪಾನೀಯ, ತಿಂಡಿಗಳ ಗುಂಪಿಗೇ. ನಾವಿನ್ನೂ ‘ಅಕ್ಕಿ ಬೇಳೆ ಖರ್ಚು’ ಎಂದೇ ಮಾತಾಡುತ್ತಿದ್ದೇವೆ.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಉಪದೇಶಕ್ಕೆ ತಿರುಗುತ್ತಾರೆ: ಕಾಫಿ ಬಿಡಿ, ಆ ದುಡ್ಡು ಕಟ್ಟಿದರೆ ಮೂವತ್ತು ವರ್ಷಕ್ಕೆ ಇಷ್ಟು ಲಕ್ಷ. ನನಗೆ ಈ ಲೆಕ್ಕ ಹಿಡಿಸುವುದಿಲ್ಲ. ಬಾಡಿಗೆ, ಸಾಲದ ಕಂತು, ಶಾಲೆಯ ಫೀಸು, ವಿಮೆ ಇವೆಲ್ಲ ತಿಂಗಳ ಮೊದಲ ವಾರದಲ್ಲೇ, ಎಷ್ಟೋ ಸಲ ನಮ್ಮನ್ನು ಕೇಳದೆಯೇ ಖಾತೆಯಿಂದ ಹೊರಡುತ್ತವೆ. ಅವುಗಳ ಮೇಲೆ ಮನೆಯಲ್ಲಿ ಚರ್ಚೆಯಿಲ್ಲ. ಚರ್ಚಿಸಿ ಪ್ರಯೋಜನವೂ ಇಲ್ಲ. ಬೇಕು ಬೇಡ ಹೇಳುವ ಅಧಿಕಾರ ಉಳಿದಿರುವುದು ಚಿಲ್ಲರೆಯ ಮೇಲೆ ಮಾತ್ರ. ಆದ್ದರಿಂದ ಸಿಟ್ಟೆಲ್ಲ ಅದರ ಮೇಲೇ ತಿರುಗುತ್ತದೆ. ಮೂವತ್ತು ಸಾವಿರ ಡೊನೇಷನ್ ಕಟ್ಟಿದ ರಾತ್ರಿ ಸುಮ್ಮನಿದ್ದ ಮನೆ, ಬಜ್ಜಿಗೆ ಕೊಟ್ಟ ಅರವತ್ತಕ್ಕೆ ಮಾತು ಬಿಡುತ್ತದೆ. ಚಿಲ್ಲರೆ ಜಗಳ ಎಂದು ನೆರೆಯವರು ನಗುತ್ತಾರೆ. ಆದರೆ ಅಲ್ಲಿ ಜಗಳವಾಡದೆ ಇನ್ನೆಲ್ಲಿ ಆಡಬೇಕು?

ಚಿಲ್ಲರೆಯನ್ನು ಎಣಿಸುವುದು ಸಣ್ಣತನ ಎಂದು ಎಂದೂ ಭಾವಿಸದವರು ಮಾರುವವರು. 1980ರ ದಶಕದಲ್ಲಿ ತಮಿಳುನಾಡಿನ ಕಡಲೂರಿನ ಕಡೆಯಿಂದ ಹರಡಿದ ಶಾಂಪೂ ಸ್ಯಾಶೆ ಈ ಜ್ಞಾನದ ದೊಡ್ಡ ಪಾಠ. 2025ರ ಸೆಪ್ಟೆಂಬರ್ 22ರಂದು ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಾಗ ಐದು ರೂಪಾಯಿಯ ಪೊಟ್ಟಣವೇ ದೊಡ್ಡ ತಲೆನೋವಾಯಿತು. ತೆರಿಗೆ ಇಳಿದ ಲೆಕ್ಕಕ್ಕೆ ನಾಲ್ಕೂವರೆ ರೂಪಾಯಿಯನ್ನು ನಾಣ್ಯದಲ್ಲಿ ಎಣಿಸಿ ಕೊಡುವ ಚಿಲ್ಲರೆ ಯಾರ ಹತ್ತಿರ ಇದೆ? ಊಟ ತಂದುಕೊಡುವ ಆ್ಯಪ್‌ಗಳು 2023ರಲ್ಲಿ ಆರ್ಡರಿಗೆ 2 ರೂಪಾಯಿಯ ‘ಪ್ಲಾಟ್‌ಫಾರ್ಮ್ ಶುಲ್ಕ’ ಶುರುಮಾಡಿದವು. ಎರಡು ರೂಪಾಯಿಗೆ ಯಾರು ತಕರಾರು ಮಾಡುತ್ತಾರೆ? 2025ರ ಹೊತ್ತಿಗೆ ಅದು ಹತ್ತು ದಾಟಿತ್ತು. ಹಾಲಿನದೂ ಅದೇ ದಾರಿ. 2024ರ ಜೂನ್‌ನಲ್ಲಿ ನಂದಿನಿ ಪೊಟ್ಟಣಕ್ಕೆ 50 ಎಂಎಲ್ ಸೇರಿಸಿ 2 ರೂಪಾಯಿ ಏರಿಸಿದರು. 2025ರ ಏಪ್ರಿಲ್‌ನಲ್ಲಿ ಆ 50 ಎಂಎಲ್ ಹಿಂದಕ್ಕೆ ಹೋಯಿತು, ಲೀಟರಿಗೆ 4 ರೂಪಾಯಿ ಏರಿತು. ಹಸು ಸಾಕುವವರಿಗೆ ಬೆಲೆ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ದಿನಕ್ಕೊಂದು ಲೀಟರು ಕೊಳ್ಳುವ ಮನೆಗೆ ತಿಂಗಳಿಗೆ 120 ರೂಪಾಯಿ ಹೆಚ್ಚಾಯಿತು.

ಚಿಲ್ಲರೆ ಮನೆಯ ಕಡೆಗೆ ಮರಳಿದ ಉದಾಹರಣೆಯೂ ಒಂದಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟು ಉಚಿತವಾಯಿತು. ಹೋಗಿಬರಲು ದಿನಕ್ಕೆ ನಲವತ್ತು ರೂಪಾಯಿ ಕೊಡುತ್ತಿದ್ದ ಗಾರ್ಮೆಂಟ್ಸ್ ಕೆಲಸದವಳಿಗೆ ಇಪ್ಪತ್ತೈದು ದಿನಕ್ಕೆ ಸಾವಿರ ಉಳಿದಂತೆ. ಬಿಟ್ಟಿ ಭಾಗ್ಯ ಎಂದು ಮೂಗು ಮುರಿದವರು ಹೆಚ್ಚಾಗಿ ಬಸ್ಸು ಹತ್ತದವರು. ಅವರ ಮಟ್ಟಿಗೆ ನಲವತ್ತು ರೂಪಾಯಿ ಬರೀ ಚಿಲ್ಲರೆ.

ಈ ಪದವನ್ನು ತಪ್ಪದೆ ಗಂಭೀರವಾಗಿ ಬಳಸುವ ಜಾಗ ಪತ್ರಿಕೆಗಳ ವಾಣಿಜ್ಯ ಪುಟ. ಪ್ರತಿ ತಿಂಗಳು 12ನೇ ತಾರೀಕಿನ ಸುಮಾರಿಗೆ ‘ಚಿಲ್ಲರೆ ಹಣದುಬ್ಬರ’ದ ಅಂಕಿ ಬರುತ್ತದೆ, ರಿಸರ್ವ್ ಬ್ಯಾಂಕ್ ಅದನ್ನು ನೋಡಿಕೊಂಡು ಬಡ್ಡಿ ನಿರ್ಧರಿಸುತ್ತದೆ. 2025ರ ಅಕ್ಟೋಬರ್‌ನಲ್ಲಿ ಅದು ಶೇ 0.25ಕ್ಕೆ ಇಳಿಯಿತು. ನೂರು ರೂಪಾಯಿಗೆ ನಾಲ್ಕಾಣೆ! ಚಲಾವಣೆಯಲ್ಲೇ ಇಲ್ಲದ ನಾಣ್ಯ. ಅಂಕಿ ಸುಳ್ಳಲ್ಲ, ಹಿಂದಿನ ವರ್ಷ ಗಗನಕ್ಕೇರಿದ್ದ ತರಕಾರಿ, ಬೇಳೆಯ ಬೆಲೆ ಇಳಿದಿತ್ತು. ಆದರೆ ಹೋಟೆಲಿನ ಕಾಫಿಯ ಬೆಲೆ ಹಾಗೆ ಏರಿಳಿಯುವುದಿಲ್ಲ. ಅದು ಹತ್ತರಿಂದ ಹನ್ನೆರಡಕ್ಕೆ, ಹನ್ನೆರಡರಿಂದ ಹದಿನೈದಕ್ಕೆ, ಹದಿನೈದರಿಂದ ಇಪ್ಪತ್ತಕ್ಕೆ ಜಿಗಿಯುತ್ತದೆ. ಯಾಕೆ ಸ್ವಾಮಿ, ಹದಿನಾರು ಮಾಡಬಾರದಿತ್ತೇ ಎಂದು ಕೇಳಿದರೆ ಗಲ್ಲಾದಲ್ಲಿ ಕೂತವರು ಇವತ್ತಿಗೂ ಹೇಳುವುದು ಒಂದೇ ಮಾತು: “ಚಿಲ್ಲರೆ ಸಮಸ್ಯೆ ಆಗುತ್ತೆ ಸಾರ್.” ಅವರ ಬೆನ್ನ ಹಿಂದೆಯೇ ಕ್ಯೂಆರ್ ಕೋಡ್ ಅಂಟಿಸಿರುತ್ತದೆ.