ವಿಳಾಸಕ್ಕೊಂದು ವಾಯಿದೆ

1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಡಿಸ್ಕ್ ಇಲ್ಲದ ಕಂಪ್ಯೂಟರುಗಳು ಬಂದವು. ಡಿಸ್ಕ್ ಆಗ ದುಬಾರಿ. ಹಲವು ಯಂತ್ರಗಳಿಗೆ ಒಂದು ಸರ್ವರಿನ ಡಿಸ್ಕ್ ಸಾಕು ಎಂಬುದು ಲೆಕ್ಕಾಚಾರ. ಆದರೆ ಇಂಥ ಯಂತ್ರವನ್ನು ಚಾಲೂ ಮಾಡಿದೊಡನೆ ಒಂದು ತೊಡಕು. ಆಪರೇಟಿಂಗ್ ಸಿಸ್ಟಮ್ಮನ್ನು ಸರ್ವರಿನಿಂದ ತರಿಸಿಕೊಳ್ಳಬೇಕು. ತರಿಸಿಕೊಳ್ಳಲು ತನ್ನ ಐಪಿ ವಿಳಾಸ ಗೊತ್ತಿರಬೇಕು. ಆ ವಿಳಾಸವನ್ನು ಬರೆದಿಟ್ಟುಕೊಳ್ಳಲು ಡಿಸ್ಕೇ ಇಲ್ಲ. ಅದಕ್ಕೆ ಗೊತ್ತಿದ್ದದ್ದು ನೆಟ್‌ವರ್ಕ್ ಕಾರ್ಡಿನಲ್ಲಿ ತಯಾರಕರೇ ಬರೆದು ಕಳಿಸಿದ ಮ್ಯಾಕ್ ಸಂಖ್ಯೆಯೊಂದೇ.

1984ರಲ್ಲಿ ಸ್ಟ್ಯಾನ್‌ಫರ್ಡಿನ ನಾಲ್ವರು ಇದಕ್ಕೊಂದು ಉಪಾಯ ಪ್ರಕಟಿಸಿದರು. ಅದರ ಹೆಸರು ಆರ್‌ಎಆರ್‌ಪಿ. ಯಂತ್ರ ತನ್ನ ಮ್ಯಾಕ್ ಸಂಖ್ಯೆ ಹೇಳಿ 'ನನ್ನ ವಿಳಾಸವೇನು?' ಎಂದು ಎಲ್ಲರಿಗೂ ಕೇಳುವಂತೆ ಕೂಗಬೇಕು. ಪಟ್ಟಿ ಇಟ್ಟುಕೊಂಡ ಸರ್ವರ್ ಉತ್ತರಿಸಬೇಕು. ಆ ಕೂಗು ರೂಟರನ್ನು ದಾಟುತ್ತಿರಲಿಲ್ಲ, ಹಾಗಾಗಿ ರೂಟರಿನ ಈಚೆಗೊಂದು, ಆಚೆಗೊಂದು ಸರ್ವರ್ ಬೇಕಾಗುತ್ತಿತ್ತು. ಮರುವರ್ಷ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ರೂಪಿಸಿದ ಬೂಟ್‌ಪಿ ಈ ಕೊರತೆ ನೀಗಿಸಿತು. ಕೂಗನ್ನು ಕೇಳಿಸಿಕೊಂಡು ದೂರದ ಸರ್ವರಿಗೆ ತಲುಪಿಸುವ ಮಧ್ಯವರ್ತಿಗೆ ಅದರಲ್ಲಿ ಜಾಗವಿತ್ತು.

ಬೂಟ್‌ಪಿಯ ಪಟ್ಟಿಯನ್ನು ಮಾತ್ರ ಮನುಷ್ಯನೇ ಬರೆಯಬೇಕಿತ್ತು: ಈ ಮ್ಯಾಕ್ ಸಂಖ್ಯೆಗೆ ಈ ವಿಳಾಸ. ಬರೆದದ್ದು ಕಾಯಂ. ಯಂತ್ರ ಗುಜರಿಗೆ ಹೋದರೂ ಯಾರಾದರೂ ನೆನಪಿಟ್ಟು ಅಳಿಸುವವರೆಗೆ ವಿಳಾಸ ಅದರ ಹೆಸರಿನಲ್ಲೇ. ಮೇಜು ಬಿಟ್ಟು ಕದಲದ ಕಂಪ್ಯೂಟರುಗಳ ಕಾಲಕ್ಕೆ ಇದು ನಡೆಯಿತು. ಲ್ಯಾಪ್‌ಟಾಪುಗಳು ಬಂದು, ಇವತ್ತು ಈ ಕಟ್ಟಡ ನಾಳೆ ಆ ಕಟ್ಟಡ ಎಂದಾದಾಗ ಪಟ್ಟಿ ಬರೆಯುವವರ ಕೈ ಸೋತಿತು.

ವಿಳಾಸಗಳ ದಾಸ್ತಾನೂ ಕರಗುತ್ತಿತ್ತು. 1981ರಲ್ಲಿ ಗೊತ್ತುಪಡಿಸಿದ ಐಪಿ ವಿಳಾಸ 32 ಬಿಟ್‌ಗಳದ್ದು, ಒಟ್ಟು ಸುಮಾರು 429 ಕೋಟಿ. ಹಂಚಿಕೆ ಧಾರಾಳವಾಗಿತ್ತು. ಸಣ್ಣ ಕಟ್ಟಿನಲ್ಲಿ 256, ಅದರ ಮೇಲಿನದರಲ್ಲಿ ಒಮ್ಮೆಗೇ 65,536. ಮುನ್ನೂರು ಯಂತ್ರಗಳಿರುವ ಸಂಸ್ಥೆಗೆ ಒಂದು ಸಾಲದು, ಇನ್ನೊಂದು ಹೊರೆ. ಆದರೂ ಕೇಳುತ್ತಿದ್ದದ್ದು ದೊಡ್ಡದನ್ನೇ. 1993ರಲ್ಲಿ ಈ ಕಟ್ಟುಗಳ ಪದ್ಧತಿಯನ್ನೇ ಕೈಬಿಟ್ಟು ಬೇಕಾದಷ್ಟೇ ಅಳೆದು ಕೊಡುವ ಕ್ರಮ ಬಂತು.

ಅದೇ ವರ್ಷದ ಅಕ್ಟೋಬರಿನಲ್ಲಿ, ಪೆನ್ಸಿಲ್ವೇನಿಯಾದ ಬಕ್‌ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ಬರೆದ ಡಿಎಚ್‌ಸಿಪಿ ಹೊರಬಂತು. ಅದರ ಸಂದೇಶದ ಅಚ್ಚು ಬೂಟ್‌ಪಿಯದೇ. ಹಳೆಯ ಮಧ್ಯವರ್ತಿಗಳನ್ನು ಬದಲಿಸಬೇಕಾಗಲಿಲ್ಲ. ಹೊಸದಾಗಿ ಬಂದದ್ದು ಮುಖ್ಯವಾಗಿ ಒಂದು: ವಾಯಿದೆ. ವಿಳಾಸವನ್ನು ಕೊಟ್ಟುಬಿಡುವುದಿಲ್ಲ, ಇಷ್ಟು ಹೊತ್ತಿಗೆಂದು ಕೊಡುತ್ತದೆ.

ಮೂಲದಲ್ಲಿ ಇದಕ್ಕಿರುವ ಹೆಸರು 'ಲೀಸ್'. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಲೀಸ್ ಎಂದರೆ ಭೋಗ್ಯ, ಒಮ್ಮೆಗೇ ದುಡ್ಡು ಕೊಟ್ಟು ಬಾಡಿಗೆಯಿಲ್ಲದೆ ಇರುವುದು. ಇಲ್ಲಿಗೆ ಆ ಅರ್ಥ ಹೊಂದದು. ಮುಂಬೈ, ಪುಣೆಯಲ್ಲಿ ಬಾಡಿಗೆಗಿರುವವರು ಸಹಿ ಹಾಕುವ ಹನ್ನೊಂದು ತಿಂಗಳ ಕರಾರು ಇದಕ್ಕೆ ಹತ್ತಿರ. ಆದರೆ ಡಿಎಚ್‌ಸಿಪಿಯ ಬಾಡಿಗೆದಾರ ಕೊನೆಯ ವಾರದವರೆಗೆ ಕಾಯುವುದಿಲ್ಲ. ಸಾಮಾನ್ಯವಾಗಿ ಅವಧಿಯ ಅರ್ಧಕ್ಕೇ ನವೀಕರಣ ಕೇಳುತ್ತಾನೆ. ಉತ್ತರ ಬಾರದಿದ್ದರೆ ಶೇ. 87.5 ಕಳೆದ ಮೇಲೆ ಯಾವ ಸರ್ವರ್ ಒಪ್ಪಿದರೂ ಸರಿಯೆಂದು ಎಲ್ಲರನ್ನೂ ಕೇಳುತ್ತಾನೆ. ಅವಧಿ ಮುಗಿದರೆ ಮನೆ ಖಾಲಿ. ಯಾರೂ ಬಂದು ಅಳಿಸಬೇಕಿಲ್ಲ.

ಇಂದು ಎಷ್ಟೋ ಕಚೇರಿಗಳಲ್ಲಿ ಈ ಪಟ್ಟಿ ಒಂದು ಸ್ವಿಚ್ಚಿನೊಳಗಿದೆ. ಅದನ್ನು ಸಜ್ಜುಗೊಳಿಸುವವರು ಬರೆಯುವುದು ಕೆಲವೇ ಸಾಲು: ಯಾವ ನೆಟ್‌ವರ್ಕಿನ ವಿಳಾಸಗಳು, ಹೊರಹೋಗಲು ಯಾವ ರೂಟರ್, ಹೆಸರು ಹುಡುಕಲು ಯಾವ ಸರ್ವರ್, ಯಾವ ವಿಳಾಸಗಳನ್ನು ಮುಟ್ಟಬಾರದು, ವಾಯಿದೆ ಎಷ್ಟು. ಕಡೆಯ ಎರಡರಲ್ಲೇ ಜನ ಎಡವುವುದು. ಪ್ರಿಂಟರಿಗೆ ಕೈಯಾರೆ ಕೊಟ್ಟ ವಿಳಾಸವನ್ನು ಹೊರಗಿಡಲು ಮರೆತರೆ ಅದೇ ವಿಳಾಸ ಯಾರದೋ ಲ್ಯಾಪ್‌ಟಾಪಿಗೂ ಹೋಗಬಹುದು; ಆಗ ಎರಡೂ ತಡವರಿಸುತ್ತವೆ. ದಿನಕ್ಕೆ 150 ಹೊಸ ಫೋನುಗಳು ಬಂದುಹೋಗುವ ವಾಚನಾಲಯದಲ್ಲಿ 200 ವಿಳಾಸಗಳಿಟ್ಟು ಎಂಟು ದಿನದ ವಾಯಿದೆ ಕೊಟ್ಟರೆ, ಎರಡನೆಯ ದಿನ 51ನೆಯ ಫೋನಿಗೆ ಜಾಗವಿಲ್ಲ. ಮೊದಲ ದಿನದವರು ಮನೆ ಸೇರಿ ಮಲಗಿದ್ದರೂ ಸ್ವಿಚ್ಚಿಗದು ತಿಳಿಯದು. ಫೋನುಗಳು ಸಾಮಾನ್ಯವಾಗಿ ಹೇಳಿ ಹೋಗುವುದಿಲ್ಲ. ಎರಡು ಗಂಟೆ ಎಂದು ಬರೆದಿದ್ದರೆ ಎಲ್ಲರಿಗೂ ಸಾಲುತ್ತಿತ್ತು.

ವಾಯಿದೆಯಿಂದ ಬಗೆಹರಿಯದ ಒಂದು ಸಂಗತಿ ಉಳಿಯಿತು: ನಂಬಿಕೆ. ಕೂಗಿದ ಯಂತ್ರ ಉತ್ತರಿಸಿದವರನ್ನೆಲ್ಲ ನಂಬುತ್ತದೆ. ಯಾರೋ ಮನೆಯ ರೂಟರ್ ತಂದು ಕಚೇರಿಯ ತಂತಿಗೆ ಸಿಕ್ಕಿಸಿದರೆ ಅದೂ ವಿಳಾಸ ಹಂಚತೊಡಗುತ್ತದೆ, ಹೊರಹೋಗುವ ದಾರಿಯನ್ನೂ ತಾನೇ ಹೇಳುತ್ತದೆ. ಡ್ರೋಮ್ಸ್ 1997ರಲ್ಲಿ ಬರೆದ ಪರಿಷ್ಕೃತ ದಾಖಲೆಯೇ ಈ ಏರ್ಪಾಡು ಸುರಕ್ಷಿತವಲ್ಲವೆಂದು ಒಪ್ಪಿಕೊಂಡಿದೆ. ಕಾವಲು ಕೊನೆಗೆ ಸ್ವಿಚ್ಚಿನ ಪಾಲಿಗೆ ಬಂತು. ಯಾವ ಪೋರ್ಟಿನಿಂದ ಬಂದ ಉತ್ತರ ನಂಬಬಹುದೆಂದು ಗುರುತು ಹಾಕಿಟ್ಟರೆ ಅದು ಉಳಿದವನ್ನು ತಡೆಯುತ್ತದೆ.

2011ರ ಫೆಬ್ರುವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಕಟ್ಟುಗಳನ್ನು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಲಾಯಿತು. 429 ಕೋಟಿಯೂ ಒಂದು ದಿನ ಮುಗಿಯಿತು. ಇನ್ನೂರೇ ವಿಳಾಸಗಳ ವಾಚನಾಲಯ ಮಾತ್ರ ವರ್ಷಗಟ್ಟಲೆ ನಡೆಯಬಲ್ಲದು, ವಾಯಿದೆಯ ಸಾಲನ್ನು ಬರೆಯುವವರು ಅಲ್ಲಿಗೆ ಬಂದುಹೋಗುವವರನ್ನು ಒಮ್ಮೆ ಎಣಿಸಿದ್ದರೆ.