ಗುರಿ ತಪ್ಪದ ಬಾಣ ಮತ್ತು ದೇವರಾಯನ ಪ್ರಶ್ನೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಮಕ್ಕಳಲ್ಲಿ ಶಾಲೆಯ ಪ್ರವಾಸಕ್ಕೆಂದು ಬೇಲೂರು, ಹಳೇಬೀಡುಗಳಿಗೆ ಹೋಗದವರು ವಿರಳ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇಗುಲದಲ್ಲಿ ಅರ್ಜುನನು ಮತ್ಸ್ಯಯಂತ್ರವನ್ನು ಭೇದಿಸುವ ಶಿಲ್ಪವಿದೆ. ಅಷ್ಟು ಸಣ್ಣ ಗುರಿಗೆ ಬಾಣ ತಾಗುವುದಾದರೂ ಹೇಗೆ ಎಂದು ಮಕ್ಕಳು ಕೇಳುತ್ತಾರೆ. ನಾವು ಪುರಾಣದ ಉತ್ತರ ಕೊಟ್ಟು ಮುಂದೆ ನಡೆಯುತ್ತೇವೆ. ಆದರೆ ಈ ಪ್ರಶ್ನೆಯನ್ನು ರಾಜ್ಯದ ಅಳಿವು ಉಳಿವಿನ ಪ್ರಶ್ನೆಯಾಗಿ ಕೇಳಿದ ಅರಸನೊಬ್ಬನು ಈ ನಾಡಿನಲ್ಲಿ ಆಗಿಹೋಗಿದ್ದಾನೆ. ಅವನೇ ವಿಜಯನಗರದ ಇಮ್ಮಡಿ ದೇವರಾಯ.

ಬಹಮನಿಗಳೊಡನೆ ಹೋರಾಡಿ ಸೋತ ಈತನು ಸಭೆ ಕರೆದು, ನಮ್ಮ ಸೈನ್ಯ ದೊಡ್ಡದಾಗಿದ್ದರೂ ನಾವು ಸೋಲುವುದೇಕೆ ಎಂದು ಕೇಳಿದನೆಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಕೆಲವರು ಅದು ದೈವಸಂಕಲ್ಪವೆಂದರು. ಉಳಿದವರು ಎರಡು ಕಾರಣ ಹೇಳಿದರು: ಅವರ ಕುದುರೆಗಳು ಬಲಿಷ್ಠ, ಅವರ ಬಿಲ್ಲುಗಾರರು ನಿಪುಣರು. ಅರಸನು ಎರಡನೆಯ ಉತ್ತರವನ್ನು ಒಪ್ಪಿದನು. ನಮಗೆ ಮೆಚ್ಚುಗೆಯಾಗುವುದು ಇದೇ. ಸೋಲನ್ನು ವಿಧಿಯ ತಲೆಗೆ ಕಟ್ಟುವುದು ಸುಲಭವಾಗಿತ್ತು.

ಆ ನೈಪುಣ್ಯವಾದರೂ ಏನು? ಮೊದಲನೆಯದು ಬಿಲ್ಲು. ತುರ್ಕಿ ಸವಾರರ ಬಿಲ್ಲಿನ ನಡುವೆ ಮರ, ಬಿಲ್ಲುಗಾರನ ಕಡೆಗೆ ಕೊಂಬು, ಹೊರಮೈಗೆ ಪ್ರಾಣಿಯ ನರ. ಇವೆಲ್ಲವನ್ನೂ ಅಂಟಿನಿಂದ ಬೆಸೆದಿರುತ್ತಿದ್ದರು. ಎಳೆದಾಗ ಕೊಂಬು ಅದುಮಿಕೊಳ್ಳುತ್ತದೆ, ನರ ಹಿಗ್ಗುತ್ತದೆ. ಹೀಗಾಗಿ ಕುದುರೆಯ ಮೇಲೂ ಬಳಸಬಹುದಾದ ಗಿಡ್ಡ ಬಿಲ್ಲಿನಿಂದ ಬಾಣ ಅತಿ ವೇಗವಾಗಿ ಚಿಮ್ಮುತ್ತದೆ. ವೇಗ ಹೆಚ್ಚಿದಷ್ಟೂ ಬಾಣದ ದಾರಿ ನೇರವಾಗುತ್ತದೆ. ದೂರವನ್ನು ಅಂದಾಜು ಮಾಡುವಲ್ಲಿ ಸ್ವಲ್ಪ ತಪ್ಪಿದರೂ ಗುರಿ ಕೈತಪ್ಪುವುದಿಲ್ಲ. ಆದರೆ ಆ ಅಂಟಿಗೆ ತೇವ ಶತ್ರು. ನಮ್ಮ ಮಲೆನಾಡ ಸೆರಗಿನ ಮಳೆಗಾಲದಲ್ಲಿ ಬಿದಿರ ಬಿಲ್ಲೇ ಹೆಚ್ಚು ನಂಬಿಕಸ್ಥ ಎನ್ನಬೇಕು.

ಬಾಣದ ವಿಷಯ ಇನ್ನೂ ಸೂಕ್ಷ್ಮ. ಹೆದೆ ಬಿಟ್ಟ ಕ್ಷಣ ಬಾಣವು ಹಾವಿನಂತೆ ಬಳುಕಿ ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೋಗುತ್ತದೆ. ಬಿಲ್ಲಿನ ಬಲಕ್ಕೆ ತಕ್ಕ ಬಿಗುಪು ಬಾಣಕ್ಕಿಲ್ಲದಿದ್ದರೆ ಅದು ಪಕ್ಕಕ್ಕೆ ಸರಿಯುತ್ತದೆ; ಹಿಂದಿನ ಗರಿಗಳು ಅದನ್ನು ಸ್ವಲ್ಪಮಟ್ಟಿಗೆ ಮಾತ್ರ ತಿದ್ದಬಲ್ಲವು. ಬತ್ತಳಿಕೆಯ ಬಾಣಗಳೆಲ್ಲ ಒಂದೇ ತೂಕ, ಒಂದೇ ಬಿಗುಪಿನವಾಗಿರಬೇಕು.

ಕೊನೆಗೆ ಮನುಷ್ಯ. ಪ್ರತಿಸಲವೂ ಹೆದೆಯನ್ನು ಮುಖದ ಅದೇ ಬಿಂದುವಿಗೆ ಎಳೆಯಬೇಕು. ಬೆರಳಗಲ ಕಡಿಮೆಯಾದರೆ ಬಾಣ ಕೆಳಗೆ ಬೀಳುತ್ತದೆ. ತುರ್ಕಿ ಪದ್ಧತಿಯಲ್ಲಿ ಹೆಬ್ಬೆರಳಿಗೆ ಉಂಗುರ ತೊಟ್ಟು ಎಳೆಯುತ್ತಿದ್ದರು. ಹೆದೆ ಒಂದೇ ಕಡೆಯಿಂದ ಜಾರುವುದರಿಂದ ಬಿಡುಗಡೆ ನುಣುಪಾಗುತ್ತದೆ. ಬಾಣ ಹೊರಟ ಮೇಲೂ ಬಿಲ್ಲು ಹಿಡಿದ ಕೈ ಅಲುಗಬಾರದು. ಮಮ್ಲೂಕರ ಕಾಲದ ತೈಬುಗಾ 14ನೇ ಶತಮಾನದಲ್ಲಿ ಈ ವಿದ್ಯೆಯ ಮೇಲೆ ಗ್ರಂಥವನ್ನೇ ರಚಿಸಿದನು. ಇದು ರಕ್ತದಿಂದ ಬರುವ ಗುಣವಲ್ಲ, ಉಸ್ತಾದರಿಂದ ಕಲಿಯುವ ವಿದ್ಯೆ.

ದೇವರಾಯನು ಇದನ್ನು ಅರಿತಿದ್ದನು. ಮುಸ್ಲಿಮ್ ಬಿಲ್ಲುಗಾರರಿಗೆ ಜಹಗೀರು ನೀಡಿ, ತನ್ನ ಸೈನಿಕರಿಗೆ ಅವರಿಂದ ವಿದ್ಯೆ ಕಲಿಸಿದನು. ಅವರು ಧರ್ಮಕ್ಕೆ ಭಂಗವಿಲ್ಲದೆ ವಂದಿಸಲೆಂದು ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದನೆಂದೂ ಫಿರಿಶ್ತಾ ಹೇಳುತ್ತಾನೆ. 2,000 ಮುಸ್ಲಿಮರು, 60,000 ಹಿಂದೂಗಳು ಬಿಲ್ವಿದ್ಯೆಯಲ್ಲಿ ಪಳಗಿದರೆಂಬುದು ಅವನ ಲೆಕ್ಕ. ಅವನು ಬರೆದದ್ದು ಒಂದೂವರೆ ಶತಮಾನದ ನಂತರ. ಸಂಖ್ಯೆಗಳನ್ನು ಎಚ್ಚರದಿಂದಲೇ ಓದಬೇಕು. ಆದರೆ ಕಲ್ಲಿನ ಸಾಕ್ಷಿಯೊಂದಿದೆ. ದೇವರಾಯನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ತನ್ನ ಅರಸನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ನಿಂತಿದೆ. ಅದರ ಶಾಸನ ಕನ್ನಡದಲ್ಲಿದೆ. ಮಸೀದಿಯನ್ನು ಅದು ಧರ್ಮಸಾಲೆ ಎಂದು ಕರೆಯುತ್ತದೆ.