ಬಾಸ್ಟನ್ನಿನ ಕೆಂಪು ಗೆರೆ

1630ರಲ್ಲಿ ಸ್ಥಾಪಿತವಾದ ಬಾಸ್ಟನ್ ನಗರವನ್ನು ಎರಡು ದಿನಗಳ ಬಿಡುವಿನಲ್ಲಿ ನೋಡಬಯಸುವ ಪ್ರವಾಸಿಯು ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು ಎಂದು ಬಹಳ ಚಿಂತಿಸಬೇಕಾದುದಿಲ್ಲ; ‘ಕಾಮನ್’ ಎಂಬ ಪುರಾತನ ಮೈದಾನದಿಂದ ಬಂಕರ್ ಹಿಲ್ಲಿನ ಸ್ತಂಭದವರೆಗೆ, ಸುಮಾರು 4 ಕಿಲೋಮೀಟರುಗಳಷ್ಟು ದೂರ, ಕಾಲುದಾರಿಯ ಮೇಲೆ ಎಳೆದ ಕೆಂಪು ಗೆರೆಯೇ ಅವನನ್ನು ನಡೆಸಿಕೊಂಡು ಹೋಗುತ್ತದೆ. 1951ರಲ್ಲಿ ವಿಲಿಯಂ ಸ್ಕೋಫೀಲ್ಡ್ ಎಂಬ ಪತ್ರಕರ್ತನು ಸೂಚಿಸಿದ ಈ ‘ಫ್ರೀಡಂ ಟ್ರೇಲ್’ ಸುಲಭವಾದ ಏರ್ಪಾಡೇ ಸರಿ. ಆದರೆ ಅದು ತೋರಿಸುವ ಕಟ್ಟಡಗಳು ಅಷ್ಟು ಸುಲಭವಾಗಿ ಉಳಿದುಬಂದವಲ್ಲ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಮೊದಲಿಗನಾದ ಜಾನ್ ಹ್ಯಾನ್‌ಕಾಕನ ಭವನವನ್ನು 1863ರಲ್ಲಿ ನಿರ್ದಾಕ್ಷಿಣ್ಯವಾಗಿ ಕೆಡವಿದರು. 1773ರ ಡಿಸೆಂಬರ್ 16ರಂದು ಈಸ್ಟ್ ಇಂಡಿಯಾ ಕಂಪನಿಯ (ಹೌದು, ನಮ್ಮನ್ನಾಳಿದ ಆ ಕಂಪನಿಯದೇ) 342 ಪೆಟ್ಟಿಗೆ ಚಹವನ್ನು ಬಂದರಿನ ನೀರಿಗೆಸೆಯುವ ಮುನ್ನ ಸಹಸ್ರಾರು ಪೌರರು ನೆರೆದಿದ್ದ ಓಲ್ಡ್ ಸೌತ್ ಸಭಾಮಂದಿರವೂ 1876ರಲ್ಲಿ ಹರಾಜಿಗೆ ಬಂದು, ನೆಲಸಮವಾಗುವುದರಲ್ಲಿದ್ದಾಗ, ಜನರು ಚಂದಾ ಎತ್ತಿ ಅದನ್ನು ಉಳಿಸಿಕೊಂಡರು. ಅಮೆರಿಕದಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಯೆಂಬ ವಿವೇಕವು ಬಲಗೊಂಡುದಕ್ಕೆ ಇಂತಹ ಹೋರಾಟಗಳೇ ಕಾರಣವೆಂದು ನನ್ನ ಎಣಿಕೆ.

ಹಳೆಯ ರಾಜ್ಯಭವನದ ಮುಂದೆ ತುಸು ಹೊತ್ತು ನಿಲ್ಲಬೇಕು. 1713ರ ಆ ಇಟ್ಟಿಗೆಯ ಕಟ್ಟಡದ ಉಪ್ಪರಿಗೆಯಿಂದ 1776ರ ಜುಲೈ 18ರಂದು ಸ್ವಾತಂತ್ರ್ಯ ಘೋಷಣೆಯನ್ನು ಓದಲಾಯಿತು. ಅಂದೇ ಜನರು ಆಂಗ್ಲ ರಾಜಲಾಂಛನಗಳಾದ ಸಿಂಹವನ್ನೂ ಒಕ್ಕೊಂಬಿನ ಕುದುರೆಯನ್ನೂ ಕಿತ್ತು ಸುಟ್ಟರು. ಶತಮಾನದ ಬಳಿಕ ಅವುಗಳ ಪ್ರತಿಕೃತಿಗಳನ್ನು ಅಲ್ಲಿಯೇ ಏರಿಸಿದ್ದಂತೂ ವಿನೋದವೇ. ಬಂಕರ್ ಹಿಲ್ಲಿನ 294 ಮೆಟ್ಟಿಲುಗಳನ್ನು ಮಾತ್ರ ಕಾಲುಗಳಿನ್ನೂ ದಣಿಯದ ಎರಡನೆಯ ದಿನದ ಬೆಳಗಿಗೆ ಇಟ್ಟುಕೊಳ್ಳುವುದು ಲೇಸು.